ಆಪಾ ಕೂತ ಸೀಟು

ನನ್ನ ಅಕ್ಕ ಖಾಜಾಬಿ ನನ್ನ ಕಾರಿನ ಸೀಟನ್ನು ಎಂದೂ ಒದ್ದೆ ಮಾಡಿರಲಿಲ್ಲ. ಮಾಡಿದಳೆಂದು ಜನರೆದುರು ಹೇಳಿದವನು ನಾನು. ಮಾಡಿರಲಿಲ್ಲವೆಂದು ಕಣ್ಣಾರೆ ಕಂಡ ಮೇಲೂ ಬಾಯಿ ಬಿಡದೆ ಉಳಿದವನೂ ನಾನೇ.

ನಾನು ಶಾಸನಗಳ ಸಂಶೋಧಕ, ಈಗ ನಿವೃತ್ತ. ತಿಥಿಗೆ ವಾರ ಹೊಂದುತ್ತದೆಯೇ, ವಾರಕ್ಕೆ ಸಂವತ್ಸರ ಹೊಂದುತ್ತದೆಯೇ ಎಂದು ತಾಳೆ ನೋಡದೆ ಒಂದು ಕಲ್ಲಿನ ಕಾಲವನ್ನೂ ಹೇಳಿದವನಲ್ಲ. ಶಿಷ್ಯರು ಇದನ್ನೇ ಹೊಗಳುತ್ತಾರೆ. ಹೊಗಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ — ಅವರ ಮೇಲಲ್ಲ.

ಆಪಾ — ಅಕ್ಕನನ್ನು ನಾವು ಹಾಗೆ ಕರೆಯುತ್ತೇವೆ — ಕನಮಡಿಯಲ್ಲಿರುತ್ತಾಳೆ. ನನ್ನ ಮಗಳ ಮದುವೆಯ ಹಿಂದಿನ ವರ್ಷ ಆಕೆಯ ಕಣ್ಣಿಗೆ ಚಿಕಿತ್ಸೆ ನಡೆದಿತ್ತು. ವರ್ಷವನ್ನು ನೆನಪಿನಿಂದ ಹೇಳುತ್ತಿಲ್ಲ. ಆಸ್ಪತ್ರೆಯ ಚೀಟಿಗೂ ಮದುವೆಯ ಆಮಂತ್ರಣಕ್ಕೂ ಹೋಲಿಸಿ ನೋಡಿದ್ದೇನೆ. ಈ ಚಟ ಹೋಗುವುದಿಲ್ಲ. ತಿಂಗಳಿಗೊಮ್ಮೆ ನಾನೂ ನನ್ನ ಹೆಂಡತಿ ಶಮೀಮಳೂ ಕಾರು ಒಯ್ದು, ಆಪಾಳನ್ನು ಹಿಂದಿನ ಸೀಟಿನ ಎಡಬದಿಗೆ ಕೂಡ್ರಿಸಿಕೊಂಡು, ತಿಕೋಟಾ ಮೇಲೆ ವಿಜಯಪುರಕ್ಕೆ ಕರೆತರುತ್ತಿದ್ದೆವು.

ಆಪಾ ಐದು ಹೊತ್ತಿನ ನಮಾಜು ಬಿಟ್ಟವಳಲ್ಲ. ದಾರಿಯಲ್ಲಿ ಹೊತ್ತಾದರೆ ಉಟ್ಟ ಬಟ್ಟೆಯಲ್ಲೇ ನಮಾಜು; ಬಟ್ಟೆ ಹೊಲಸು ತಾಗದೆ ಪಾಕ್ ಆಗಿರಬೇಕು. ಅದಕ್ಕೆಂದೇ ಹಿಂದಿನ ದಿನ ಶಮೀಮ್, "ಆಪಾ ಕೂಡ್ರಾಕಿ ಅದಾಳ, ಪಾಕ್ ಇರಬೇಕು" ಎನ್ನುತ್ತ ಕಾರಿನ ನೆತ್ತಿಯಿಂದ ಗಾಲಿಯವರೆಗೆ ಕೊಡಗಟ್ಟಲೆ ನೀರು ಸುರಿದು ತೊಳೆಯುತ್ತಿದ್ದಳು. ಉಳಿದ ದಿನ ನಮ್ಮೂರಲ್ಲಿ ಯಾರು ಕಾರು ತೊಳೆಯುತ್ತಾರೆ? ಕುಡಿಯುವ ನೀರಿಗೇ ನಳದ ದಾರಿ ಕಾಯಬೇಕು. ದೂಳು ಒರೆಸಿದರೆ ಮುಗಿಯಿತು.

ಒಂದು ಸಲ ಆಪಾ ಇಳಿದಾಗ ಸೀಟು ಒದ್ದೆಯಾಗಿತ್ತು, ಸೀರೆಯ ಹಿಂಭಾಗವೂ. ನೋಡದವನಂತೆ ಇದ್ದೆ. ಮರುತಿಂಗಳೂ ಹಾಗೆಯೇ. ಅದರ ಮುಂದಿನ ಸಲ, ಆಕೆ ಹತ್ತುವ ಮೊದಲು ಗುಟ್ಟಾಗಿ ಸೀಟಿನ ಮೇಲೆ ಕೈಯಾಡಿಸಿದೆ — ಒಣಗಿತ್ತು. ಇಳಿದ ಮೇಲೆ ಮತ್ತೆ ಕೈಯಾಡಿಸಿದೆ — ತೇವ. ಜೊತೆಗೊಂದು ಮುಗ್ಗಲು ವಾಸನೆ. ಅದಕ್ಕೆ ನಾನೇ ಒಂದು ಹೆಸರು ಕೊಟ್ಟುಬಿಟ್ಟೆ. ಆಕೆ ಬಂದ ದಿನ ತೇವ, ಬಾರದ ದಿನ ಇಲ್ಲ. ಸಾಕ್ಷ್ಯ ಪೂರ್ಣವಾಯಿತು. ಆ ದಿನಗಳಿಗೆ ಹೊಂದಿಕೊಂಡು ಇನ್ನೇನು ನಡೆಯುತ್ತಿತ್ತು ಎಂಬ ಪ್ರಶ್ನೆಯನ್ನು ನಾನು ಕೇಳಿಕೊಳ್ಳಲಿಲ್ಲ — ಅದನ್ನು ಕೇಳದ ವಿದ್ಯಾರ್ಥಿಯನ್ನು ನಾನು ತರಗತಿಯಲ್ಲಿ ನಿಲ್ಲಿಸಿ ಬೈದಿದ್ದೇನೆ.

ಮುಂದಿನ ತಿಂಗಳು ಕನಮಡಿಯಲ್ಲಿ, ಆಕೆಯದೇ ಮನೆಯ ಅಂಗಳದಲ್ಲಿ ಅದನ್ನು ಹೇಳಿದೆ. ನೆರೆಮನೆಯ ಹೆಂಗಸರು ನಿಂತಿದ್ದರು. ನನ್ನ ತಮ್ಮನ ಮಗ ರಫೀಕನೂ ಇದ್ದ. ಆಪಾ ಒಂದು ಕಾಲನ್ನು ಕಾರಿನೊಳಗೆ ಇಟ್ಟಿದ್ದಳು. ನಾನು ಶಮೀಮಳಿಗೆ ಹೇಳಿದೆ:

"ತಡಿ, ಸೀಟಿನ ಮ್ಯಾಲೆ ಪ್ಲಾಸ್ಟಿಕ್ ಹಾಸು. ಆಪಾಗ ತಡಕೊಳ್ಳಾಕ ಆಗವಲ್ದು."

ಆಪಾ ತಿರುಗಿ ನನ್ನನ್ನು ನೋಡಿದಳು. "ನಾ ಅಲ್ಲೋ ತಮ್ಮಾ. ನಂದು ನಂಗ ಗೊತ್ತಾಗೂದಿಲ್ಲೇನ?"

"ತಾರೀಖು ತಾಳೆ ನೋಡೇನಿ ಆಪಾ. ನೀ ಬಂದಾಗಷ್ಟ ಆಗತೈತಿ."

"ಫುಪ್ಪಿ, ಕಾರಿನ್ಯಾಗ ಬೋರ್ ಹೊಡಿಸಿದಿ ಬಿಡು," ಎಂದ ರಫೀಕ, ತನ್ನ ಅತ್ತೆಗೆ. ಹೆಂಗಸರು ಸೆರಗು ಬಾಯಿಗೆ ಹಿಡಿದರು.

ಆಕೆ ಪ್ಲಾಸ್ಟಿಕ್ಕಿನ ಮೇಲೆಯೇ ಕುಳಿತಳು. ದಾರಿಯುದ್ದಕ್ಕೂ ಅದು ಚರಚರ ಎನ್ನುತ್ತಿತ್ತು. ತಿಕೋಟಾದಲ್ಲಿ ಮಧ್ಯಾಹ್ನದ ಅಜಾನ್ ಕೇಳಿಸಿತು. ನಾನು ಕಾರು ನಿಲ್ಲಿಸಿದೆ, ಆಕೆ ಇಳಿಯಲಿಲ್ಲ. "ಈ ಅರಿವ್ಯಾಗ ಹೆಂಗ ಮಾಡ್ಲಿ?" ಎಂದಳು. ತನ್ನ ಮೈಯ ಸಾಕ್ಷಿಗಿಂತ ನನ್ನ ಲೆಕ್ಕವೇ ಖರೆ ಎಂದು ಆಕೆ ಒಪ್ಪಿಕೊಂಡದ್ದು ಆ ಕ್ಷಣದಲ್ಲಿ. ಓದಿದ ತಮ್ಮ ಹೇಳಿದ್ದಾನಲ್ಲ. ಪ್ಲಾಸ್ಟಿಕ್ಕಿನ ಮೇಲ್ಭಾಗ ಒಣಗಿಯೇ ಇತ್ತೇ ಎಂದು ಆ ದಿನ ನಾನು ನೋಡಲೂ ಇಲ್ಲ.

ಆಮೇಲೆ ಆಪಾ ನನ್ನ ಕಾರು ಹತ್ತಲಿಲ್ಲ. ಬಸ್ಸಿಗೆ ಬರತೊಡಗಿದಳು. ಹೊರಡುವ ದಿನ ನಸುಕಿನಿಂದ ಹನಿ ನೀರು ಬಾಯಿಗೆ ಹಾಕುತ್ತಿರಲಿಲ್ಲವೆಂದು ಶಮೀಮ್ ಹೇಳಿದಳು. ನಾನು ಕೇಳಿಸಿಕೊಂಡೆ.

ಆ ವರ್ಷದ ಮಳೆಗಾಲದ ಕೊನೆಗೆ ಒಂದು ವೀರಗಲ್ಲು ನೋಡಲು ಒಬ್ಬನೇ ನಿಡೋಣಿಗೆ ಹೋಗಿದ್ದೆ. ಧೋ ಎಂದು ಮಳೆ ಹಿಡಿಯಿತು. ಮುಂದಿನ ಎರಡೂ ಸೀಟುಗಳ ಮೇಲೆ ಶಾಸನದ ಪ್ರತಿ ತೆಗೆಯುವ ಕಾಗದಗಳನ್ನು ಹರಡಿದ್ದುದರಿಂದ ಹಿಂದಿನ ಸೀಟಿಗೆ ಹೋಗಿ ಕುಳಿತೆ — ಎಡಬದಿಗೆ. ಮಳೆ ನಿಂತ ಮೇಲೆ ಇಳಿದರೆ ನನ್ನ ಪೈಜಾಮದ ಹಿಂಭಾಗ ಪೂರ್ತಿ ಒದ್ದೆ. ದಾರಿಯಲ್ಲಿ ಹೊರಟಿದ್ದ ಒಬ್ಬರು, "ಮಳ್ಯಾಗ ಸಿಕ್ಕಿದ್ರೇನ್ರಿ ಸರ?" ಎಂದು ಕೇಳಿ ಮುಂದೆ ಹೋದರು. ನೋಡಿ — ಕಾರಿನೊಳಗೇ ಕುಳಿತಿದ್ದ ನನಗೆ ಆ ಮನುಷ್ಯ ನಾನು ಕೇಳದೆಯೇ ಮಳೆಯ ಕಾರಣ ಕೊಟ್ಟ. ನನ್ನ ಅಕ್ಕನಿಗೆ ನಾನು ಅಷ್ಟೂ ಕೊಟ್ಟಿರಲಿಲ್ಲ.

ಸೀಟನ್ನು ಎತ್ತಿದೆ. ಅದರೊಳಗಿನ ಸ್ಪಂಜು ನೀರು ಕುಡಿದು ಭಾರವಾಗಿತ್ತು. ಮೇಲ್ಬಟ್ಟೆ ಒಣಗಿದಂತೆ ಕಂಡರೂ ಮೈಭಾರ ಬಿದ್ದರೆ ನೀರು ಮೇಲಕ್ಕೆ ಒಸರುತ್ತಿತ್ತು. ಬೆರಳಿನಿಂದ ತೇವದ ಜಾಡು ಹಿಡಿದು ಹೋದೆ: ಬಾಗಿಲ ಪಕ್ಕದ ಕಂಬದ ಒಳಗಿನಿಂದ ಮೇಲಕ್ಕೆ, ಅಲ್ಲಿಂದ ಒಳಛಾವಣಿಯ ಬಟ್ಟೆಯ ಕಂದು ಕಲೆಗೆ. ಅದರ ನೆತ್ತಿಗೆ ಸರಿಯಾಗಿ ಕ್ಯಾರಿಯರಿನ ಬೋಲ್ಟು. ಶಾಸನ ಓದುವ ಏಣಿ ಕಟ್ಟಲೆಂದು ಆ ಕ್ಯಾರಿಯರ್ ಕೂಡಿಸಿದವನು, ಅದಕ್ಕಾಗಿ ತಗಡಿಗೆ ತೂತು ಕೊರೆದವನು ನಾನು. ಬೋಲ್ಟಿನ ಕೆಳಗಿನ ರಬ್ಬರು ಬಿರಿದಿತ್ತು. ಬಾಟಲಿಯ ನೀರನ್ನು ಅಲ್ಲಿಗೇ ಸುರಿದೆ. ತುಸು ಹೊತ್ತಿಗೆ ಕಂಬದ ಬುಡದಿಂದ, ಆಪಾ ಕೂತ ಜಾಗಕ್ಕೆ, ಹನಿ ಇಳಿಯತೊಡಗಿತು. ಶಮೀಮ್ ತೊಳೆಯುತ್ತಿದ್ದ ದಿನಗಳು ಆಗ ನೆನಪಾದವು. ಆಪಾ ಪಾಕ್ ಇರಲೆಂದು ಸುರಿದ ನೀರೇ ಆಪಾಳ ಸೀರೆಗೆ ಇಳಿದಿತ್ತು.

ಮರುದಿನ ತೂತಿಗೆ ಅಂಟು ಮೆತ್ತಿದೆ. ಕ್ಯಾರಿಯರ್ ಅಲುಗಾಡುತ್ತಿತ್ತು ಎಂದು ಶಮೀಮಳಿಗೆ ಹೇಳಿದೆ.

ಇಷ್ಟಕ್ಕೇ ನಿಂತಿದ್ದರೆ ನಾನು ಬರೀ ಹೇಡಿ. ನಿಲ್ಲಲಿಲ್ಲ. ಕನಮಡಿಗೆ ಹೋಗಿ ಆಪಾಳ ಎದುರು ಕುಳಿತು, "ಆದದ್ದು ಆಗಿ ಹೋತು ಆಪಾ. ವಯಸ್ಸಾದ ಮ್ಯಾಲೆ ಆಗೂದಽ. ಮನಸಿಗೆ ಹಚ್ಕೋಬ್ಯಾಡ, ಕಾರಿನ್ಯಾಗ ಬಾ" ಎಂದೆ. ತಪ್ಪು ಮಾಡದವಳನ್ನು, ತಪ್ಪು ಮಾಡಿದವನು ಕ್ಷಮಿಸಿದೆ. ಆಕೆಯ ಕಣ್ಣು ತುಂಬಿತು. "ದೊಡ್ಡ ಮನಸು ನಿಂದು ತಮ್ಮಾ" ಎಂದಳು. ನಾನು ಆ ಮಾತನ್ನು ಸ್ವೀಕರಿಸಿ, ಆಕೆ ಮಾಡಿಕೊಟ್ಟ ಚಹಾ ಕುಡಿದು ಬಂದೆ.

ಮಗಳ ಮದುವೆಗೆ ಆಪಾ ಬಸ್ಸಿನಲ್ಲೇ ಬಂದಳು. ಶರಬತ್ತು ಮುಟ್ಟಲಿಲ್ಲ. ಹೆಂಗಸರು ಕೈಹಿಡಿದು ಎಳೆದರೂ ಗಾದಿಯ ಮೇಲೆ ಕೂಡದೆ, ಗೋಡೆಯ ಬದಿಗೆ ಬರಿ ನೆಲದ ಮೇಲೆ ಕುಳಿತಳು. ಅಲ್ಲಿಂದ ಈವರೆಗೂ ಯಾರ ಮನೆಯಲ್ಲೂ ಹಾಗೆಯೇ ಕೂಡುತ್ತಾಳೆ.

ಕಳೆದ ತಿಂಗಳು ನಮ್ಮ ಮನೆಯಲ್ಲಿ ಊಟವಿತ್ತು. ಆಪಾ ಹೊಸ್ತಿಲು ದಾಟುತ್ತಿದ್ದಂತೆ ರಫೀಕನ ಮಗಳು, ಆಪಾಳನ್ನು ಅಜ್ಜಿಯೆಂದು ‘ದಾದಿ’ ಎನ್ನುವ, ಶಾಲೆಗೆ ಹೋಗುವ ಹುಡುಗಿ, ಹಾಸಿದ್ದ ಗಾದಿಯನ್ನು ಸುತ್ತಿ ಒಳಗೆ ಒಯ್ದಳು. ಕೇಳಿದರೆ, "ದಾದಿ ಬಂದ್ರ ಗಾದಿ ತೆಗೀಬೇಕಂತ ಪಪ್ಪಾ ಹೇಳ್ಯಾರ" ಎಂದಳು. ಎಲ್ಲರೂ ನಕ್ಕರು. ನಾನೂ — ಹೌದು, ನಾನೂ ನಕ್ಕೆ. ಆಪಾ ಕೇಳಿಸದವಳಂತೆ ನೆಲಕ್ಕೆ ಕುಳಿತಳು. ನಾನು ಅಂಗಳದಲ್ಲಿ ಆಡಿದ ಮಾತು ಮೂರನೆಯ ತಲೆಮಾರಿಗೆ ರೂಢಿಯಾಗಿ ಇಳಿದಿತ್ತು. ಅಷ್ಟು ದಿನ ಒಳಗೊಳಗೇ ಕುದಿಯುತ್ತಿದ್ದ ಸಿಟ್ಟಿಗೆ ಆ ರಾತ್ರಿ ಒಂದು ಕೆಲಸ ಸಿಕ್ಕಿತು.

ಆ ಕಾರು ಇನ್ನೂ ನನ್ನ ಬಳಿಯೇ ಇದೆ. ಮೆತ್ತಿದ ಅಂಟನ್ನು ನಿನ್ನೆ ಉಳಿಯಿಂದ ಕೆತ್ತಿ ತೆಗೆದೆ. ಬರುವ ಶುಕ್ರವಾರ ಜುಮ್ಮಾ ನಮಾಜು ಮುಗಿದ ಮೇಲೆ ಅದೇ ಅಂಗಳಕ್ಕೆ ಅದನ್ನು ಒಯ್ಯುತ್ತೇನೆ. ರಫೀಕನಿಗೂ ಅವನ ಮಗಳಿಗೂ ನೆರೆಮನೆಯ ಹೆಂಗಸರಿಗೂ ಹೇಳಿ ಕಳಿಸಿದ್ದೇನೆ; ಕಾರಣ ಹೇಳಿಲ್ಲ. ರಫೀಕನ ಕೈಗೇ ನೀರಿನ ಕೊಡ ಕೊಟ್ಟು ಕಾರಿನ ನೆತ್ತಿಯ ಮೇಲೆ ಸುರಿಸುತ್ತೇನೆ. ಆಮೇಲೆ ಬಿಳಿ ಪೈಜಾಮದಲ್ಲಿ ಎಡಬದಿಯ ಸೀಟಿನಲ್ಲಿ ಕುಳಿತು, ಎದ್ದು, ಅವರೆಲ್ಲರಿಗೂ ಬೆನ್ನು ತೋರಿಸಿ ನಿಲ್ಲುತ್ತೇನೆ. ನಗುವವರು ನಗಲಿ. ನಿಡೋಣಿಯ ಮಾತನ್ನೂ, ಕ್ಷಮಿಸಿದ ಮಾತನ್ನೂ ಒಂದೂ ಬಿಡದೆ ಹೇಳುತ್ತೇನೆ.

ಕೊನೆಗೆ ಆಪಾಳ ಕೈಗೆ ಒಂದು ಚರಿಗೆ ನೀರು ಕೊಡುತ್ತೇನೆ. ಕುಡಿಯುತ್ತಾಳೋ, ನನ್ನ ಮುಖಕ್ಕೆ ಎರಚುತ್ತಾಳೋ — ಅದು ಆಕೆಗೆ ಬಿಟ್ಟದ್ದು.