ಮೂರು ಚುಕ್ಕಿಯ ಬುಧವಾರ

ತಮ್ಮನ ಹೆಂಡತಿಗೆ ಓದು ಕಲಿಸುತ್ತೇನೆಂದು ಹೇಳಿ ನಾನು ಕಲಿಸಿದ್ದು ಏಳೇ ಏಳು ಅಕ್ಷರ. ಏಳೂ ಫಾರ್ಸಿಯವು. ಅವಳು ಅವನ್ನು ಕನ್ನಡವೆಂದು ನಂಬಿ ಕಲಿತಳು. ತಿಳಿಯದೆ ಆದ ತಪ್ಪಲ್ಲ ಇದು, ಬೇಕೆಂದೇ ಮಾಡಿದ್ದು. ಮಾಡುವಾಗ ನನಗೆ ಖುಷಿಯೂ ಆಗಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಓದುವವರು ನನ್ನ ಮೇಲೆ ಕನಿಕರ ಪಡುವುದಾದರೂ ತಪ್ಪುತ್ತದೆ.

ಗಂಡನ ಮನೆ ಬಿಟ್ಟು ತವರಿಗೆ ಬಂದ ಮೇಲೆ ನಾನು ಹಿಡಿದ ಕೆಲಸ ವಿಚಿತ್ರದ್ದು. ಹುಕ್ಕೇರಿಯಲ್ಲಿ ಒಂದು ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ನಾಲ್ಕು ಜನರ ಆಫೀಸು. ಹೊರದೇಶದವರ ಮೊಬೈಲ್ ಆ್ಯಪ್‌ಗಳು ಬೇರೆ ಬೇರೆ ಭಾಷೆಗಳಲ್ಲಿ ನೆಟ್ಟಗೆ ಕಾಣುತ್ತವೆಯೋ ಇಲ್ಲವೋ ನೋಡಿ ವರದಿ ಕೊಡುವುದು ನಮ್ಮ ಕೆಲಸ. ವಾರಕ್ಕೊಮ್ಮೆ ಬಸ್ಸು ಹಿಡಿದು ಹುಕ್ಕೇರಿಗೆ ಹೋಗಿ ಸಾಹೇಬರ ಮುಂದೆ ಕೂರುತ್ತಿದ್ದೆ. ಉಳಿದ ದಿನ ಗೋಕಾಕಿನಿಂದ ಅರ್ಧ ತಾಸಿನ ದಾರಿಯಲ್ಲಿರುವ ನಮ್ಮೂರ ಮನೆಯ ಮುಂದಿನ ಕೋಣೆಯೇ ನನ್ನ ಕಚೇರಿ. ಆ ವರ್ಷ ಬಂದದ್ದು ಒಂದು ಫಾರ್ಸಿ ಆ್ಯಪ್. ದವಾಖಾನೆಗೆ ಹೋಗುವವರು ತಮ್ಮ ವಾರ, ತಮ್ಮ ಹೊತ್ತು ಗೊತ್ತುಮಾಡಿಕೊಳ್ಳುವಂಥದ್ದು. ಅದರ ಕ್ಯಾಲೆಂಡರ್ ನನ್ನ ಪಾಲಿಗೆ ಬಂತು.

ಅವರ ವಾರ ಶನಿವಾರದಿಂದ ಶುರು. ಬರವಣಿಗೆ ಬಲದಿಂದ ಎಡಕ್ಕೆ ಸಾಗುವುದರಿಂದ ಶನಿವಾರ ಬಲತುದಿಗೆ, ಸೂಟಿಯ ಶುಕ್ರವಾರ ಎಡತುದಿಗೆ, ಕೆಂಪು ಬಣ್ಣದಲ್ಲಿ. ಶನಿವಾರಕ್ಕೆ ಶಂಬೆ ಎಂದು ಹೆಸರು. ರವಿವಾರ ಒಂದು-ಶಂಬೆ, ಸೋಮವಾರ ಎರಡು-ಶಂಬೆ, ಹೀಗೆ ಎಣಿಸುತ್ತ ಗುರುವಾರಕ್ಕೆ ಐದು. ಶುಕ್ರವಾರಕ್ಕೆ ಮಾತ್ರ ಜೊಮೆ ಎಂದು ಬೇರೆ ಹೆಸರು. ಮೊಬೈಲಿನ ಸಣ್ಣ ಪರದೆಯಲ್ಲಿ ಇಡೀ ಹೆಸರು ಹಿಡಿಯುವುದಿಲ್ಲ, ಆದ್ದರಿಂದ ಒಂದೊಂದು ವಾರಕ್ಕೆ ಅದರ ಮೊದಲ ಅಕ್ಷರವೊಂದೇ. ಆ ಏಳು ಅಕ್ಷರ ಎಲ್ಲ ಮೊಬೈಲುಗಳಲ್ಲೂ ಸ್ಪಷ್ಟವಾಗಿ ಕಾಣಬೇಕು, ಅಷ್ಟೆ. ನಾನು ದಿನಗಟ್ಟಲೆ ಅವನ್ನೇ ನೋಡುತ್ತ ಕೂರುತ್ತಿದ್ದೆ.

ಇನ್ನು ಅವಳು. ಅವಳ ತವರು ಮೂಡಲಗಿ ಕಡೆಯ ಮಸಗುಪ್ಪಿ, ಕುರಿ ಕಾಯುವ ಮನೆತನ. ನಾವೂ ಅದೇ ಕುಲದವರೇ. ಆದರೆ ನಮ್ಮಜ್ಜ ಕುರಿ ಮಾರಿ ಹೊಲ ಹಿಡಿದಿದ್ದ, ಎರಡು ತಲೆಮಾರಿಗೇ ನಮಗೆ ಕುರಿಯ ವಾಸನೆ ಮೂಗಿಗೆ ಬಡಿಯತೊಡಗಿತ್ತು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಹಿಂಡಿನ ಹಿಂದೆ ಊರೂರು ತಿರುಗಿ ಬೆಳೆದವಳು. ನಾನು ಪದವಿ ಮುಗಿಸಿದವಳು. ಆದರೂ ನಮ್ಮವ್ವ ಕೊನೆಗಾಲಕ್ಕೆ ನೀರು ಕೇಳಿದ್ದು ಅವಳ ಕೈಯಿಂದ. ಪಕ್ಕದಲ್ಲೇ ನಾನು ಲೋಟ ಹಿಡಿದು ಕೂತಿದ್ದರೂ, ಅಡುಗೆಮನೆಯಲ್ಲಿದ್ದ ಅವಳನ್ನು ಕೂಗಿದಳು. ಅಂದಿನಿಂದ ಅವಳನ್ನು ಕಂಡರೆ ನನ್ನ ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ಚಹಾ ತಂದಿಟ್ಟು ಬಾಗಿಲಲ್ಲೇ ನಿಂತಳು.

"ಅಕ್ಕಾರ, ಸಾಲ್ಯಾಗ ಹುಡುಗರಿಗೆ ಅಡಿಗಿ ಮಾಡಾಕ ಒಬ್ಬಾಕಿ ಬೇಕಂತ್ರಿ. ಹೆಡ್‌ಮಾಸ್ತರು ನನ್ನ ಹೆಸರ ಹೇಳ್ಯಾರ. ಆದರ ಯಾವ ವಾರ ಯಾವ ಅಡಿಗಿ ಅಂತ ಗ್ವಾಡಿಗೆ ಪಟ್ಟಿ ಹಚ್ಯಾರಲ್ರಿ, ವಾರದ ಹೆಸರರ ಓದಾಕ ಬರಬೇಕಂತ. ಅಷ್ಟ ಕಲಿಸಿಕೊಡ್ರಿ."

"ನಿನ್ನ ಗಂಡನ್ನ ಕೇಳು."

"ಅವರು ನಗತಾರ್ರಿ. ನೀವು ನಗಂಗಿಲ್ಲ."

ಆ ಮಾತು ಕೇಳಿ ನನಗೆ ಒಳಗೊಳಗೇ ನಗು ಬಂತು. ಅವಳ ಆಸೆ ನನಗೆ ಗೊತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಅವಳು ಯಾರದೋ ಮಗಳು, ಯಾರದೋ ಹೆಂಡತಿ. ಶಾಲೆಯಲ್ಲಿ ಅಡುಗೆಗೆ ನಿಂತರೆ ನೂರು ಮಕ್ಕಳು ಅವಳನ್ನು ಅಕ್ಕಾರ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅಕ್ಕಾರ ಎನ್ನಿಸಿಕೊಳ್ಳುತ್ತಿದ್ದವಳು ನಾನೊಬ್ಬಳೇ. ಅದೂ ಕೈಬಿಟ್ಟು ಹೋಗುವುದು ನನಗೆ ಬೇಕಿರಲಿಲ್ಲ.

ಲ್ಯಾಪ್‌ಟಾಪ್ ಅವಳ ಕಡೆ ತಿರುಗಿಸಿದೆ. "ಇಲ್ಲೇ ಅದಾವ ನೋಡು ಏಳೂ ವಾರ. ಈ ಕಡೆಯಿಂದ ಶನಿವಾರ, ರವಿವಾರ, ಸೋಮಾರ..."

ಅವಳು ಪೆದ್ದಿಯಲ್ಲ. "ಬಸ್ಸಿನ ಬೋರ್ಡಿನ್ಯಾಗ ಅಕ್ಷರ ಬ್ಯಾರೆ ಥರಾ ಇರತಾವಲ್ರಿ?" ಎಂದಳು.

"ಅವು ಊರಿನ ಹೆಸರು ಬರಿಯೂ ಅಕ್ಷರ. ಇವು ವಾರಕ್ಕ ಬ್ಯಾರೆನ ಅದಾವ."

ಅವಳು ನನಗೆ ಹೊಳೆಯದ ಸಮಾಧಾನವನ್ನು ತಾನೇ ಹುಡುಕಿಕೊಂಡಳು. "ಹೌದ್ ಬಿಡ್ರಿ. ನಮ್ಮಪ್ಪನ ಹಿಂಡಿಗೆ ಕಿವಿ ಸೀಳಿದ ಗುರುತ, ನಮ್ಮ ಕಾಕಾನ ಹಿಂಡಿಗೆ ಬೆನ್ನಮ್ಯಾಲ ಕೆಂಪ ಬಣ್ಣ. ಹಿಂಡಿಗೊಂದ ಗುರುತ ಇದ್ದಂಗ."

ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅಂದುಕೊಂಡೆ. ಅಂದೇ ಸಂಜೆ ಅಡುಗೆಮನೆಯ ಗೋಡೆಯ ಕನ್ನಡ ಕ್ಯಾಲೆಂಡರ್ ತೆಗೆದು, ಸುರುಳಿ ಸುತ್ತಿ ನನ್ನ ಮಂಚದ ಕೆಳಗೆ ತಳ್ಳಿದೆ. ಹೊಂದಿಸಿ ನೋಡುವುದಕ್ಕೆ ಅವಳಿಗೆ ಏನೂ ಸಿಗಬಾರದಿತ್ತು. ಕ್ಯಾಲೆಂಡರ್ ಎಲ್ಲಿ ಎಂದು ತಮ್ಮ ಕೇಳಿದರೆ, ಹಲ್ಲಿ ಕೂತು ಹೊಲಸಾಗಿತ್ತು, ಒಗೆದೆ ಎಂದೆ.

ನಾನು ಹದಿನೈದು ದಿನಕ್ಕೆ ಕಲಿತ ಅಕ್ಷರಗಳನ್ನು ಅವಳು ನಾಲ್ಕೇ ದಿನಕ್ಕೆ ಕಲಿತಳು. ರೊಟ್ಟಿ ಬಡಿಯುವ ಮುಂಚೆ ಕಲ್ಲಿನ ಮೇಲೆ ಹಿಟ್ಟು ಉದುರಿಸಿ, ಬೆರಳಿನಿಂದ ಬಲದಿಂದ ಎಡಕ್ಕೆ ಬರೆಯುತ್ತಿದ್ದಳು. ಗಂಡನ ಹೆಜ್ಜೆ ಕೇಳಿದರೆ ಅಂಗೈಯಿಂದ ಒರೆಸಿ ಅದರ ಮೇಲೇ ರೊಟ್ಟಿ ಬಡಿಯುತ್ತಿದ್ದಳು. ಬುಧವಾರದ ಅಕ್ಷರಕ್ಕೂ ಶುಕ್ರವಾರದ ಅಕ್ಷರಕ್ಕೂ ಆಕಾರ ಒಂದೇ. ಬುಧವಾರದ ಹೊಟ್ಟೆಯಲ್ಲಿ ಮೂರು ಚುಕ್ಕಿ, ಶುಕ್ರವಾರದ ಹೊಟ್ಟೆಯಲ್ಲಿ ಒಂದು. "ಮೂರ ಚುಕ್ಕಿದು ಬುಧವಾರ, ಒಂದ ಚುಕ್ಕಿದು ಶುಕ್ರವಾರ" ಎಂದು ಗೊಣಗುತ್ತಲೇ ಒಲೆಗೆ ಉರುವಲು ಒಟ್ಟುತ್ತಿದ್ದಳು. ನಾನು ನನ್ನ ಕೋಣೆಯಲ್ಲಿ ಕೂತು ಅದನ್ನು ಕೇಳುತ್ತಿದ್ದೆ. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದೂ ಉಂಟು.

ಆಮೇಲೆ ಅವಳಿಂದ ಕೆಲಸವನ್ನೂ ತೆಗೆದೆ. ತಪಾಸಣೆಗೆಂದು ಆಫೀಸಿನವರು ಕೊಟ್ಟಿದ್ದ ಐದಾರು ಮೊಬೈಲು ಅವಳ ಮುಂದೆ ಹರಡಿ, ಓದು ನೋಡೋಣ ಎನ್ನುತ್ತಿದ್ದೆ. ಅವಳಿಗೆ ಅದು ಪಾಠ, ನನಗೆ ಪುಕ್ಕಟೆ ಕಣ್ಣು. ಒಂದು ದಿನ ಅಗ್ಗದ, ಸಣ್ಣ ಮೊಬೈಲೊಂದನ್ನು ಎತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದಳು.

"ಅಕ್ಕಾರ, ಇದರಾಗ ಬುಧವಾರ ಇಲ್ರಿ. ಎರಡ ಶುಕ್ರವಾರ ಅದಾವ."

"ಹುಚ್ಚಿ, ಎಡಗಡಿಯಿಂದ ಮೂರನೇದು ಬುಧವಾರ."

"ಜಾಗಾ ಬುಧವಾರದ್ದ ಐತ್ರಿ. ಅಕ್ಷರ ಶುಕ್ರವಾರದ್ದ ಐತಿ. ಮೂರ ಚುಕ್ಕಿ ಇರಬೇಕಲ್ಲ, ಒಂದ ಐತಿ."

ಕಸಿದುಕೊಂಡು ನೋಡಿದೆ. ಅಕ್ಷರ ಸಣ್ಣದಾದಾಗ ಮೂರು ಚುಕ್ಕಿ ಒಂದಕ್ಕೊಂದು ಅಂಟಿ ಒಂದೇ ಚುಕ್ಕಿಯಾಗಿತ್ತು. ಅದೇ ಮೊಬೈಲನ್ನು ನಾನು ಹದಿನೈದು ದಿನ ನೋಡಿದ್ದೆ. ಯಾವ ಜಾಗದಲ್ಲಿ ಯಾವ ವಾರ ಎಂದು ಗೊತ್ತಿದ್ದುದರಿಂದ ನನ್ನ ಕಣ್ಣು ಇಲ್ಲದ ಚುಕ್ಕಿಯನ್ನೂ ಓದಿಬಿಟ್ಟಿತ್ತು. ಇನ್ನೂರು ಕುರಿಯಲ್ಲಿ ತನ್ನ ಹಿಂಡಿನದಲ್ಲದ ಒಂದು ಕುರಿಯನ್ನು ಗುರುತು ನೋಡಿಯೇ ಹೊರಹಾಕಿದವಳು ಅವಳು, ಅವಳ ಕಣ್ಣು ಊಹೆಯನ್ನು ನಂಬುತ್ತಿರಲಿಲ್ಲ. ಅದು ಹಾಗೇ ಹೋಗಿದ್ದರೆ, ದೂರದ ಯಾವುದೋ ಊರಿನಲ್ಲಿ ಬುಧವಾರ ಹೋಗಬೇಕಾದ ರೋಗಿ ಶುಕ್ರವಾರ ಹೋಗಿ, ಬೀಗ ಹಾಕಿದ ದವಾಖಾನೆಯ ಮುಂದೆ ನಿಲ್ಲುತ್ತಿದ್ದ.

ವರದಿಯಲ್ಲಿ ನನ್ನ ಹೆಸರು ಬರೆದೆ. ಹುಕ್ಕೇರಿಯಲ್ಲಿ ಸಾಹೇಬರು ಹೊರದೇಶದವರ ಪತ್ರವನ್ನು ಎಲ್ಲರ ಮುಂದೆ ಓದಿ, "ಇಂಥಾ ಕಣ್ಣ ನಮ್ಮ ಆಫೀಸಿನ್ಯಾಗ ಮತ್ತೊಬ್ಬರಿಗಿಲ್ಲ" ಎಂದು ಒಂದು ಡಬ್ಬಿ ಕರದಂಟು ಕೊಟ್ಟರು. ಮನೆಗೆ ಬಂದು ಅದರಲ್ಲೊಂದು ತುಂಡು ಅವಳಿಗೆ ಕೊಟ್ಟೆ. ಯಾಕೆಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಅವಳು ಅದರಲ್ಲೂ ಅರ್ಧ ಮುರಿದು ಗಂಡನಿಗೆಂದು ಎತ್ತಿಟ್ಟಳು.

ಶಾಲೆಗೆ ಕರೆದದ್ದು ಒಂದು ಶನಿವಾರ ಮುಂಜಾನೆ. ಮದುವೆಯ ಇಳಕಲ್ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು ನನ್ನ ಬಾಗಿಲಿಗೆ ಬಂದಳು. "ನೀವೂ ಬರ್ರಿ ಅಕ್ಕಾರ. ಕಲಿಸಿದವರು ಬಾಜೂಕ ಇದ್ದರ ಧೈರ್ಯ ಇರತೈತಿ." ಹೊರಟೆ. ಮನೆಯಿಂದ ಶಾಲೆಗೆ ಹತ್ತು ನಿಮಿಷದ ದಾರಿ. ಹನುಮಪ್ಪನ ಗುಡಿಯ ಹತ್ತಿರ ಹೇಳಬಹುದಿತ್ತು, ನೀರಿನ ಟಾಕಿಯ ಹತ್ತಿರ ಹೇಳಬಹುದಿತ್ತು, ಶಾಲೆಯ ಗೇಟಿನಲ್ಲೂ ಹೇಳಬಹುದಿತ್ತು. ನಾನು ಹೇಳಲಿಲ್ಲ. ನನಗೆ ನೋಡಬೇಕಿತ್ತು.

ಹೆಡ್‌ಮಾಸ್ತರು, ಶಾಲಾ ಸಮಿತಿಯ ನಾಲ್ಕು ಜನ, ಅದೇ ಕೆಲಸಕ್ಕೆ ಬಂದಿದ್ದ ಇಬ್ಬರು ಹೆಂಗಸರು. "ಪಟ್ಟಿ ಓದ್ತೀ ಏನವಾ?" ಎಂದು ಹೆಡ್‌ಮಾಸ್ತರು ಕೇಳಿದರು. "ಓದೂದಷ್ಟ ಅಲ್ರಿ, ಬರೀತೇನಿ" ಎಂದಳು. ಸೀಮೆಸುಣ್ಣದ ಖಡು ತೆಗೆದುಕೊಂಡು ಹಲಗೆಯ ಬಲತುದಿಗೆ ಹೋಗಿ ನಿಂತಳು. ಅಲ್ಲಿಂದ ಎಡಕ್ಕೆ, ಒಂದೂ ತಪ್ಪದೆ, ಏಳು ಅಕ್ಷರ ಬರೆದಳು. ಬುಧವಾರದ ಮೂರು ಚುಕ್ಕಿಗಳನ್ನು ಒಂದಕ್ಕೊಂದು ತಾಗದ ಹಾಗೆ ದೂರ ದೂರ ಇಟ್ಟಳು. ಬರೆದು ಮುಗಿಸಿ ನನ್ನ ಕಡೆ ನೋಡಿ ನಕ್ಕಳು.

ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಡ್‌ಮಾಸ್ತರು ಗೋಡೆಯ ಪಟ್ಟಿ ತೋರಿಸಿ, "ಇದನ್ನ ಓದವಾ" ಎಂದರು. ಅವಳು ಪಟ್ಟಿಯ ಹತ್ತಿರ ಹೋಗಿ ಬಲತುದಿಯಲ್ಲಿ ಬೆರಳಿಟ್ಟು ಹುಡುಕತೊಡಗಿದಳು. ಮೇಲಿಂದ ಕೆಳಗೆ ಒಂದು ಸಲ, ಮತ್ತೆ ಕೆಳಗಿನಿಂದ ಮೇಲೆ. "ಇದರಾಗ ಚುಕ್ಕಿ ಎಲ್ಲಿ ಅದಾವ್ರಿ?" ಎಂದಳು. ಆಗ ಹೆಂಗಸರಿಬ್ಬರೂ ನಕ್ಕರು. ಅವರ ಹಿಂದೆ ಸಮಿತಿಯವರೂ ನಕ್ಕರು.

ನಗದವನು ಒಬ್ಬನೇ, ಸಮಿತಿಯಲ್ಲಿದ್ದ ಹಿಟ್ಟಿನ ಗಿರಣಿಯ ಮುಸಲ್ಮಾನ ಕಾಕಾ. ಅವನು ಉರ್ದು ಶಾಲೆಯಲ್ಲಿ ಓದಿದವನು. ಎದ್ದು ಹಲಗೆಯ ಹತ್ತಿರ ಹೋದ. "ಇವು ನಮ್ಮ ಉರ್ದುದಾಗೂ ಇರೂ ಅಕ್ಷರ ಅದಾವು ಬೇಟಿ. ಬರದದ್ದು ಭಾಳ ಚೊಲೋ ಐತಿ. ಆದರ ಇದು ಕನ್ನಡ ಅಲ್ಲ. ನಿನಗ ಯಾರು ಕಲಿಸಿದರು?"

ಅವಳು ತಿರುಗಿ ನನ್ನನ್ನು ನೋಡಿದಳು. ಕೇಳುವ ನೋಟವಲ್ಲ ಅದು. ಅಷ್ಟರೊಳಗೇ ಅವಳಿಗೆ ಎಲ್ಲ ತಿಳಿದಿತ್ತು. ನನ್ನ ಹೆಸರು ಹೇಳುತ್ತಾಳೆ ಎಂದುಕೊಂಡೆ.

"ಯಾರೂ ಕಲಿಸಿಲ್ರಿ ಕಾಕಾ. ಎಲ್ಲೋ ನೋಡಿದ್ದೆ, ಹಂಗ ಬರದೆ" ಎಂದಳು. ಖಡು ಹಲಗೆಯ ಕೆಳಗಿಟ್ಟು, ತನ್ನ ಸೆರಗಿನಿಂದಲೇ ಏಳೂ ಅಕ್ಷರ ಒರೆಸಿದಳು.

ನಕ್ಕ ಇಬ್ಬರಲ್ಲಿ ಒಬ್ಬಳಿಗೆ ಕೆಲಸ ಸಿಕ್ಕಿತು. ದಾರಿಯಲ್ಲಿ ಅವಳು ನನ್ನ ಮುಂದೆ ಮುಂದೆ ನಡೆದಳು. ಬೈದಿದ್ದರೆ ತಿರುಗಿ ಬೈಯಲು ನಾನು ಮಾತು ಜೋಡಿಸಿಕೊಂಡಿದ್ದೆ, ಅದಕ್ಕೂ ಅವಕಾಶ ಕೊಡಲಿಲ್ಲ. ಗಂಡನಿಗೂ ಹೇಳಲಿಲ್ಲ. ಮರುದಿನ ಏಳುವಷ್ಟರಲ್ಲಿ ಕನ್ನಡ ಕ್ಯಾಲೆಂಡರ್ ಅಡುಗೆಮನೆಯ ಗೋಡೆಯ ಮೇಲಿತ್ತು. ದಿನಾ ನನ್ನ ಕೋಣೆಯ ಕಸ ಹೊಡೆಯುವವಳು ಅವಳೇ. ಮಂಚದ ಕೆಳಗಿನ ಸುರುಳಿಯನ್ನು ಅವಳು ಎಷ್ಟು ದಿನ ಸುತ್ತುಬಳಸಿ ಕಸ ಹೊಡೆದಿದ್ದಳೋ ಏನೋ, ಬಿಚ್ಚಿ ನೋಡಬೇಕೆಂದು ಅವಳಿಗೆ ಅನ್ನಿಸಿರಲಿಲ್ಲ. ನನ್ನ ಮೇಲೆ ಅಷ್ಟು ನಂಬಿಕೆ ಅವಳಿಗೆ.

ತಿಂಗಳ ಮೇಲೆ ಅದೇ ಆ್ಯಪಿನ ತಿಂಗಳುಗಳ ಹೆಸರು ತಪಾಸಣೆಗೆ ಬಂದವು. ಅದೇ ಕಣ್ಣು ಬೇಕು ಎಂದು ಹೊರದೇಶದವರು ಬರೆದಿದ್ದರು. ನಾಚಿಕೆ ಬಿಟ್ಟು ಅವಳನ್ನು ಕರೆದೆ. ಹೊಸ್ತಿಲಲ್ಲಿ ನಿಂತು, ಮೊಬೈಲುಗಳನ್ನು ನೋಡಿ, "ನನಗ ಓದಾಕ ಬರಂಗಿಲ್ರಿ ಅಕ್ಕಾರ" ಎಂದು ಒಳಗೆ ಹೋದಳು. ನಾನೇ ನೋಡಿ ವರದಿ ಕಳಿಸಿದೆ. ಮೂರು ತಪ್ಪು ಉಳಿದಿದ್ದವು. ಹುಕ್ಕೇರಿಯ ಸಾಹೇಬರು ಈ ಸಲ ಎಲ್ಲರ ಮುಂದೆ ಬೇರೆ ಥರ ಮಾತಾಡಿದರು.

ಪಶ್ಚಾತ್ತಾಪ ಅಂದಿಗೇ ಆಯಿತೆಂದು ಹೇಳಿದರೆ ಸುಳ್ಳಾದೀತು. ಮೊದಲು ಸಿಟ್ಟೇ ಬಂದದ್ದು, ಅವಳ ಮೇಲೆ. ಆದರೆ ದಿನಾ ಮುಂಜಾನೆ ರೊಟ್ಟಿಯ ಸದ್ದು ಕೇಳುತ್ತಿತ್ತು, ಅದರ ಮುಂಚಿನ ಗೊಣಗು ಮಾತ್ರ ನಿಂತುಹೋಗಿತ್ತು. ಅದು ನನ್ನನ್ನು ತಿನ್ನತೊಡಗಿತು. ಕೊನೆಗೆ ಗೋಕಾಕಿನ ಪೇಟೆಯಲ್ಲಿ ಬರೆಯಲು ಒಂದು ಪಾಟಿ, ಒಂದು ಅಂಕಲಿಪಿ ಕೊಂಡು ತಂದೆ. ಊಟಕ್ಕೆ ಕೂತಾಗ ಅವಳ ಮುಂದಿಟ್ಟು, "ಖರೆ ಕನ್ನಡ ಐತಿ. ನಾಳೆಯಿಂದ ಕಲಿಸ್ತೇನಿ" ಎಂದೆ. ತಪ್ಪಾಯಿತು ಎನ್ನುವ ಒಂದು ಮಾತು ಆಗಲೂ ನನ್ನ ಬಾಯಿಂದ ಹೊರಡಲಿಲ್ಲ.

ಅವಳು ಅಂಕಲಿಪಿಯನ್ನು ತೆರೆಯಲೂ ಇಲ್ಲ. ಬಿಸಿ ರೊಟ್ಟಿಯೊಂದನ್ನು ನನ್ನ ತಾಟಿಗೆ ಹಾಕಿ, ಎಂದಿನ ಮರ್ಯಾದೆಯಲ್ಲೇ ಹೇಳಿದಳು:

"ಬ್ಯಾಡ್ರಿ ಅಕ್ಕಾರ. ನೀವು ಕಲಿಸಿದ್ದು ಕನ್ನಡ ಹೌದೋ ಅಲ್ಲೋ ಅಂತ ದಿನಾ ಗಿರಣಿ ಕಾಕಾನ್ನ ಕೇಳಾಕ ಹೋಗಬೇಕಾಗತೈತ್ರಿ."