ಜೀವವಿಲ್ಲದ ನೇರಳೆ

ನಮ್ಮ ಪ್ರಯೋಗಾಲಯದಲ್ಲಿ ನೇರಳೆ ಬಣ್ಣ ಬಂದರೆ ಹಬ್ಬ. ಸುಟ್ಟ ಗಾಯದ ಮೇಲೆ ಹೊಸ ಚರ್ಮ ಬೆಳೆಸಲು ಒಂದು ತೆಳು ಜಾಲರಿ ಮಾಡುತ್ತಿದ್ದೆವು. ಅದಕ್ಕೆ ಬೆರೆಸುವ, ಕಾಡಿಗೆಯಂಥ ನ್ಯಾನೋ ಪುಡಿ ಜೀವಕೋಶಗಳನ್ನು ಬದುಕಗೊಡುತ್ತದೆಯೇ ಎಂದು ನೋಡುವುದು ನನ್ನ ಪಾಲಿನ ಕೆಲಸ. ಪುಡಿಯ ಜೊತೆ ಒಂದು ದಿನ ಇಟ್ಟ ಕೋಶಗಳಿಗೆ ಹಳದಿ ದ್ರಾವಣ ಹಾಕಬೇಕು. ಬದುಕಿದ್ದರೆ ಅವು ಅದನ್ನು ನೇರಳೆ ಮಾಡುತ್ತವೆ. ಸತ್ತಿದ್ದರೆ ಹಳದಿ ಹಾಗೇ ಉಳಿಯುತ್ತದೆ. ಕೋಶಗಳನ್ನು ಇಟ್ಟಿದ್ದ ನನ್ನ ತಟ್ಟೆಯ ಪುಟ್ಟ ಗುಳಿಗಳೆಲ್ಲ ಗಾಢ ನೇರಳೆಯಾದವು.

ಆ ಖುಷಿಯಲ್ಲಿ ಯಲಬುರ್ಗಾದ ಅಕ್ಕನಿಗೆ ಫೋನ್ ಮಾಡಿ ಜಂಬ ಕೊಚ್ಚಿಕೊಂಡೆ. ಸ್ಟೋವ್ ಸಿಡಿದು ಸುಟ್ಟ ಆಕೆಯ ಬಲಗೈ, ಚರ್ಮ ಬಿಗಿದು, ಮಡಚಿದ್ದು ಮಡಚಿದಂತೆಯೇ ಇತ್ತು. ತೊಡೆಯ ಚರ್ಮ ತೆಗೆದು ಕೂಡಿಸುತ್ತೇವೆಂದು ಡಾಕ್ಟರು ಹೇಳಿದ್ದರು.

"ಅಂಗೈಯಾಗ ಬೆಣ್ಣಿ ಇಟ್ಕೊಂಡು ತುಪ್ಪಕ್ಕ ಯಾಕ ಊರೆಲ್ಲ ಅಡ್ಡಾಡ್ಲಿ? ನೀ ಮಾಡಿದ್ದನ್ನ ಹಚ್ಚಸ್ಕೋತೀನಿ" ಅಂದಳು.

ಅದು ಮನುಷ್ಯರ ಮೈಗೆ ಬರಲು ವರ್ಷಗಳೇ ಬೇಕೆಂದು ಆಗಲೇ ಹೇಳಬೇಕಿತ್ತು. ಹೊಗಳಿಕೆ ಹಿತವಾಗಿತ್ತು, ಸುಮ್ಮನಾದೆ.

ಮುಂದಿನ ವಾರ ಅವಸರದಲ್ಲಿ ಒಂದು ಸಾಲು ಗುಳಿಗಳಿಗೆ ಪುಡಿ ಹಾಕಿ, ಕೋಶ ಹಾಕುವುದನ್ನೇ ಮರೆತೆ. ಆ ಸಾಲೂ ನೇರಳೆಯಾಯಿತು! ದ್ರಾವಣದ ಬಣ್ಣವನ್ನು ಪುಡಿಯೇ ಬದಲಿಸುತ್ತಿತ್ತು. ಬರೀ ಪುಡಿಯನ್ನು ಮೊದಲು ಪರೀಕ್ಷಿಸಬೇಕೆಂಬುದು ಈ ಕೆಲಸದ ಓನಾಮ; ನಾನು ಅದನ್ನೇ ಹಾರಿಸಿದ್ದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಪುಡಿ ತಗುಲಿದ ಕೋಶಗಳು ಮುದುಡಿ, ತಳ ಬಿಟ್ಟು ತೇಲುತ್ತಿದ್ದವು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಚಿಕ್ಕಂದಿನಲ್ಲೇ ಕಲಿತಿದ್ದೆ. ನೇರಳೆಯೆಲ್ಲ ಜೀವವಲ್ಲ ಎಂದು ಕಲಿಯಲು ಇಷ್ಟು ಓದಬೇಕಾಯಿತು.

ಪ್ರಯೋಗಾಲಯದ ಗುರುಗಳಿಗೆ ಹೇಳಿದೆ. "ಮೊದಲಿಂದ ಮಾಡ್ರಿ" ಅಂದರು, ಅಷ್ಟೇ. ಅಕ್ಕನಿಗೆ ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಶನಿವಾರ ಕೊಪ್ಪಳದಲ್ಲಿ ಅಕ್ಕನ ಊರಿನ ಬಸ್ಸು ಹತ್ತಿದೆ. ಕುಕನೂರು ದಾಟುವವರೆಗೂ ಇಳಿದು ವಾಪಸಾಗಲು ನೆಪ ಹುಡುಕಿದೆ. ಹೇಳಿದರೆ ಆಕೆಯ ಆಸೆ ಹೋಗುತ್ತಿತ್ತು, ಹೇಳದಿದ್ದರೆ ಆಪರೇಷನ್ ಬಿಟ್ಟು ಕಾಯುತ್ತ ಕೂತು ಕೈಯೇ ಹೋಗುತ್ತಿತ್ತು. ಬೋನು ನಾನೇ ಮಾಡಿದ್ದು, ಯಾರನ್ನು ಬೈಯಲಿ?

ಅಕ್ಕ ಎಡಗೈಯಿಂದ ಚಹಾ ಸೋಸುತ್ತಿದ್ದಳು.

"ಆಪರೇಷನ್ನಿಗೆ ತಾರೀಖು ಕೊಟ್ಟಿದ್ರು. ಒಲ್ಲೆ ಅಂತ ಹೇಳಿ ಬಂದೀನಿ" ಎಂದು ನಕ್ಕಳು.

"ಅಕ್ಕಾ, ನಂದು ತಪ್ಪಾಗೈತಿ. ಆ ಪುಡಿ ಜೀವ ಉಳಸೂದಿಲ್ಲ. ಸೋಮವಾರನ ಹೋಗಿ ಮತ್ತ ತಾರೀಖು ತಗೋ" ಅಂದೆ. ಹೇಳುತ್ತಲೇ ಅಳು ಬಂತು.

ಆಕೆ ಕಪ್ಪನ್ನು ನನ್ನ ಕೈಗಿಟ್ಟಳು.

"ಅದಕ್ಕ್ಯಾಕ ಅಳತಿ? ಇನ್ನೊಮ್ಮಿ ಮಾಡು. ತಾರೀಖು ಗೀರೀಖು ಏನೂ ಬ್ಯಾಡ, ನೀ ಮಾಡೂತನಕ ನಾ ಕಾಯ್ತೀನಿ."