ಅಮಾವಾಸ್ಯೆಯಂದು ಉಸಿರಾಡಿದ ಶೇಂಗಾ ಗಿರಣಿ

ಅಮಾವಾಸ್ಯೆಯ ದಿನ ನಾನು ಊರು ಬಿಟ್ಟು ಹೊರಡುವವಳಲ್ಲ. ಆದರೆ ಹರಪನಹಳ್ಳಿಯಿಂದ ತಂಗಿ ಗಿರಿಜಾ ಫೋನು ಮಾಡಿ, "ಅಕ್ಕಾ, ಗಿರಣಿ ಬಂದ್ ಇದ್ದಾಗ ಮಾತ್ರ ಅದು ಕೇಳ್ಸತೈತಿ. ಇವತ್ತೇ ಬಾ, ನಿನ್ನ ಕಿವಿಲೇ ಕೇಳು" ಎಂದಳು. ಅವಳ ಗಂಡ ವೀರೇಶನದು ಶೇಂಗಾ ಬೀಜ ಆರಿಸುವ ಗಿರಣಿ. ಕರೆಂಟ್ ಬಿಲ್ಲು ಏರುತ್ತಲೇ ಇತ್ತು. ಇನ್ನೆರಡು ತಿಂಗಳು ಹೀಗೇ ಆದರೆ ಬೀಗ ಹಾಕುತ್ತೇನೆ ಎಂದಿದ್ದ. ದೇವರ ಮುಂದೆ ದೀಪ ಹಚ್ಚಿ, ಕೂಡ್ಲಿಗಿಯಲ್ಲಿ ಬಸ್ಸು ಹತ್ತಿದೆ.

ಹೆಂಗಸರಿಗೆ ಬಸ್ಸು ಪುಕ್ಕಟೆ. ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ಕಿಟಕಿ ಪಕ್ಕ ಜಾಗವೂ ಸಿಕ್ಕಿತು, ಅದೂ ಒಂದು ಕೃಪೆಯೇ. ಕೊಟ್ಟೂರಿನಲ್ಲಿ ಬಸ್ಸು ಬದಲಿಸುವಾಗ ಗುಡಿಯ ದಿಕ್ಕಿಗೆ ನಿಂತಲ್ಲೇ ಕೈಮುಗಿದೆ. ಮುಂದಿನ ದಾರಿಯಲ್ಲಿ ಬಿಸಿಲು ಬಿಳಿಚಿಕೊಂಡಿತ್ತು. ಅಮಾವಾಸ್ಯೆ ಎಂದು ಹೊಲಗಳಲ್ಲಿ ಒಬ್ಬರೂ ಎತ್ತು ಹೂಡಿರಲಿಲ್ಲ. ಕಣ್ಣು ಹಾಯುವಷ್ಟು ದೂರ ಅಲುಗುವ ಜೀವವೇ ಇರಲಿಲ್ಲ.

ಹರಪನಹಳ್ಳಿ ಮುಟ್ಟಿದಾಗ ಹನ್ನೆರಡು ದಾಟಿತ್ತು. ಗಿರಿಜಾ ಕೊಟ್ಟ ಮಂಡಕ್ಕಿ, ಮಿರ್ಚಿ ತಿಂದು ಗಿರಣಿಗೆ ಹೋದೆವು. ಪ್ರತಿ ಅಮಾವಾಸ್ಯೆ ಅಲ್ಲಿ ಯಂತ್ರಗಳಿಗೆ ಪೂಜೆ, ರಜೆ. ವಿಭೂತಿ ಹಚ್ಚಿ, ಕಾಯಿ ಒಡೆದು, ಸ್ವಿಚ್ಚುಗಳ ಪೆಟ್ಟಿಗೆಗೆ ಅರಿಶಿನದ ದಾರ ಕಟ್ಟುತ್ತಾರೆ. ಮರುದಿನ ದಾರ ಬಿಚ್ಚುವವರೆಗೆ ಯಾರೂ ಅದನ್ನು ಮುಟ್ಟುವಂತಿಲ್ಲ.

ಒಳಗೆ ತಣ್ಣಗಿತ್ತು. ಸ್ವಲ್ಪ ಹೊತ್ತಿಗೆ ಕೇಳಿಸಿತು: ಉಸ್ಸ್... ಮಲಗಿದವರ ಉಸಿರು. ಒಂದು ಕಡೆಯಿಂದಲ್ಲ, ಗೋಡೆಯುದ್ದಕ್ಕೂ. ಮೂಲೆಯ ಸ್ಟೂಲಿನ ಮೇಲೆ ಗಿರಿಜಾಳ ಅತ್ತೆ ಕಣ್ಣು ಮುಚ್ಚಿ ಕೂತಿದ್ದರು.

"ಕೇಳ್ಸತೇನು ತಂಗೀ?" ಎಂದರು. "ನಮ್ಮ ಮನಿಯವ್ರು. ಈ ಗಿರಣಿ ಕಟ್ಸಿದ ವರ್ಷಾನೇ ತೀರ್ಕೊಂಡ್ರು. ಗದ್ದಲ ಇಲ್ದಾಗ ಬರ್ತಾರ."

ಅಷ್ಟರಲ್ಲಿ ಯಾರೂ ಮುಟ್ಟದೆಯೇ ಹಿಂದಿನ ಕೋಣೆಯಲ್ಲಿ ಏನೋ ಧಡಧಡನೆ ಶುರುವಾಯಿತು. ಶಿವಶಿವಾ ಎಂದು ಗಿರಿಜಾಳ ಕೈ ಹಿಡಿದೆ.

"ಹೆದರಬ್ಯಾಡ್ರಿ ಅಕ್ಕಾರ, ಅದು ಗಾಳಿ ತುಂಬೋ ಕಂಪ್ರೆಸರ್" ಎಂದ ವೀರೇಶ. "ಹುಳುಕು ಬೀಜಾನ ಮೆಷಿನ್ನು ಗಾಳಿ ಊದಿ ಹೊರಗ ತಳ್ಳತೈತಿ. ಟ್ಯಾಂಕಿನಾಗ ಗಾಳಿ ಇಳದ್ರ ಇದು ತಾನಾ ಚಾಲೂ ಆಗತೈತಿ."

"ಇವತ್ತು ಬೀಜಾನೇ ಹಾಕಿಲ್ಲಲ್ರೀ. ಗಾಳಿ ಯಾರು ಉಂಡ್ರು?" ಎಂದೆ.

ಅವನು ತಾಯಿಯ ಕಡೆ ನೋಡಿದ.

ನನಗೆ ಕರೆಂಟಿನ ವಿದ್ಯೆ ಗೊತ್ತಿಲ್ಲ. ಗ್ಯಾಸ್ ಸಿಲಿಂಡರ್ ಬದಲಿಸಿದಾಗ ಸೋಪಿನ ನೊರೆ ಹಚ್ಚಿ ಸೋರಿಕೆ ನೋಡುವುದು ಗೊತ್ತು. ಬಟ್ಟಲಲ್ಲಿ ನೊರೆ ಕಲಸಿ, ಗೋಡೆಯುದ್ದದ ಗಾಳಿ ಪೈಪಿನ ಜಾಯಿಂಟುಗಳಿಗೆಲ್ಲ ಸವರುತ್ತ ಹೋದೆ.

"ಪೈಪಿಗೆ ಜಳಕ ಮಾಡಸ್ತೀಯೇನಕ್ಕಾ?" ಎಂದು ಗಿರಿಜಾ ನಕ್ಕಳು. ಗುಳ್ಳೆಯೊಂದು ಎದ್ದು, ಉಬ್ಬಿ, ಒಡೆದು, ಮತ್ತೆ ಉಬ್ಬಿತು, ಯಾರದೋ ಬಾಯಿಂದ ಬಂದಂತೆ. ಆರು ಕಡೆ ಹಾಗೆ. ಏಳನೆಯದು ಸ್ಟೂಲಿನ ಹಿಂದೆ, ಅತ್ತೆಯ ಕಿವಿಯ ಸಮಕ್ಕೆ.

"ಗಾಳಿ ಸೋರಿ ಸೋರಿ ಮೋಟ್ರು ಬಿಡುವಿಲ್ದ ಓಡಾಕತ್ತೈತಿ, ಬಿಲ್ಲೂ ಅದಕ್ಕ ಏರಾಕತ್ತೈತಿ" ಎಂದ ವೀರೇಶ ಮೆಲ್ಲಗೆ. "ದಾರ ಕಟ್ಟೀವಂತ ಸ್ವಿಚ್ ಮುಟ್ಟದ, ರಜಾ ದಿನಾನೂ ಇದನ್ನ ಬಂದ್ ಮಾಡ್ಲಿಲ್ಲ ನಾವು."

ಅತ್ತೆ ಕಣ್ಣು ತೆರೆದರು. "ಈ ಉಸಿರನ್ನೂ ಕಟ್ಟತೀಯೇನೋ?"

ನಾನೇ ಹೇಳಿದೆ: "ಅತ್ತೀ, ಯಂತ್ರಕ್ಕ ರಜಾ ಅಂತ ಪೂಜಿ ಮಾಡಿ, ದಾರ ಕಟ್ಟಿ, ಅದನ್ನ ದುಡಸಾಕತ್ತೀವಿ. ದೇವ್ರು ಮೆಚ್ಚತಾನೇನ್ರಿ?" ಅವರು ಸಂಜೆ ಊಟಕ್ಕೂ ಏಳಲಿಲ್ಲ.

ಮರುದಿನ ಬೆಳಿಗ್ಗೆ ದಾರ ಬಿಚ್ಚಿ, ಟ್ಯಾಂಕಿನ ಗಾಳಿ ಹೊರಬಿಟ್ಟು, ವೀರೇಶ ಆರು ಜಾಯಿಂಟುಗಳಿಗೆ ಬಿಳಿ ಟೇಪು ಸುತ್ತಿ ಬಿಗಿ ಮಾಡಿದ. ಮತ್ತೆ ಗಾಳಿ ತುಂಬಿದಾಗ ಸ್ಟೂಲಿನ ಹಿಂದಿನದೊಂದೇ ಉಸಿರಾಡುತ್ತಿತ್ತು. ಅತ್ತೆ ಅದಕ್ಕೆ ಅಂಗೈ ಒಡ್ಡಿ ಬಹಳ ಹೊತ್ತು ನಿಂತರು. ಸೆರಗಿನ ಅಂಚು ಮೆಲ್ಲಗೆ ಅಲುಗುತ್ತಿತ್ತು. ಬಾಗಿಲಾಚೆ, ಬೀಜ ಆರಿಸುವ ಹೆಂಗಸರು ಕೆಲಸಕ್ಕಾಗಿ ಕಾಯುತ್ತಿದ್ದರು. ಅವರತ್ತ ಒಮ್ಮೆ ನೋಡಿ, "ಕಟ್ಟು" ಎಂದು ಕೈ ತೆಗೆದರು.

ಅದನ್ನೂ ಬಿಗಿ ಮಾಡಿ, ಗಾಳಿ ತುಂಬಿ, ಕಂಪ್ರೆಸರ್ ಬಂದ್ ಮಾಡಿದರೆ ಟ್ಯಾಂಕಿನ ಗಾಳಿ ಅಳೆಯುವ ಮುಳ್ಳು ಇಳಿಯದೆ ನಿಂತಲ್ಲೇ ನಿಂತಿತು. ಗಿರಣಿ ಅಷ್ಟು ಸದ್ದಿಲ್ಲದೆ ಇದ್ದುದನ್ನು ಅವರ್ಯಾರೂ ಕಂಡಿರಲಿಲ್ಲ. ಬೀಗದ ಮಾತು ಸದ್ಯಕ್ಕೆ ಬಿಟ್ಟೆ ಎಂದ ವೀರೇಶ. ಅಷ್ಟು ಕೃಪೆ ಸಾಕು.

ಆಟೋ ಹತ್ತಿ ತಿರುಗಿ ನೋಡಿದೆ. ಹೆಂಗಸರು ನಗುತ್ತ, ಗದ್ದಲ ಮಾಡುತ್ತ ಒಳಗೆ ಹೋಗುತ್ತಿದ್ದರು. ಬಾಗಿಲಲ್ಲಿ ನಿಂತ ಅತ್ತೆ ತುಟಿಯ ಮೇಲೆ ಬೆರಳಿಟ್ಟು ಅವರನ್ನು ತಡೆದರು.

"ಸುಮ್ಕಿರ್ರೇ. ಈಗ ನಿದ್ದಿ ಹತ್ತೈತಿ ಅವ್ರಿಗೆ."